ಗೆರೆ, ದೀರ್ಘವೃತ್ತ, ಪೆಟ್ಟಿಗೆ: ಆರಂಭಿಕ ಚಿತ್ರಾಭ್ಯಾಸದ ದೋಷ ನಿವಾರಣೆ ಕೈಪಿಡಿ

ಚಿತ್ರ ಬರೆಯಲು ಹೊಸದಾಗಿ ತೊಡಗಿದವರ ಮೊದಲ ಅಭ್ಯಾಸಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಎರಡು ಚುಕ್ಕೆಗಳ ನಡುವೆ ಸ್ಕೇಲ್ ಇಲ್ಲದೆ ಗೆರೆ ಎಳೆಯುವುದು, ದೀರ್ಘವೃತ್ತಗಳನ್ನು ಸಾಲಾಗಿ ಬರೆಯುವುದು, ಪರ್ಸ್‌ಪೆಕ್ಟಿವ್‌ಗೆ ಹೊಂದುವಂತೆ, ಅಂದರೆ ದೂರ ಹೋದಂತೆ ಚಿಕ್ಕದಾಗಿ ಕಾಣುವ ಹಾಗೆ, ಪೆಟ್ಟಿಗೆಗಳನ್ನು ಬರೆಯುವುದು. ಹಾಳೆಗಳು ತುಂಬುತ್ತ ಹೋದರೂ ಗೆರೆ ಸುಧಾರಿಸದೆ ಇದ್ದಾಗ ಸಾಮಾನ್ಯವಾಗಿ ಸಿಗುವ ಸಲಹೆ ‘ಇನ್ನಷ್ಟು ಅಭ್ಯಾಸ ಮಾಡಿ’ ಎಂಬುದು. ಆದರೆ ತಪ್ಪಿನ ಕಾರಣ ತಿಳಿಯದೆ ಮುಂದುವರಿಸಿದ ಅಭ್ಯಾಸವು ಆ ತಪ್ಪನ್ನೇ ಕೈಗೆ ರೂಢಿ ಮಾಡಿಸುತ್ತದೆ ಎಂಬುದನ್ನು ಮೊದಲಿಗೇ ಹೇಳಬೇಕು. ಹಾಳೆಯ ಮೇಲೆ ಕಾಣುವ ಪ್ರತಿಯೊಂದು ದೋಷಕ್ಕೂ ಒಂದು ಮೂಲವಿದೆ. ಅದು ಸಾಮಗ್ರಿಯಲ್ಲಿ ಇರಬಹುದು, ಕೂತ ಭಂಗಿಯಲ್ಲಿ ಇರಬಹುದು, ಕೈಯ ಕೀಲುಗಳ ಚಲನೆಯಲ್ಲಿ ಇರಬಹುದು, ಅಥವಾ ವಸ್ತು ಹೇಗೆ ಕಾಣುತ್ತದೆ ಎಂಬ ತಿಳಿವಳಿಕೆಯಲ್ಲೇ ಇರಬಹುದು. ಮೂಲ ಯಾವುದೆಂದು ಗೊತ್ತಾದ ಮೇಲೆ ಮಾಡುವ ಹತ್ತು ನಿಮಿಷದ ಅಭ್ಯಾಸ, ಗೊತ್ತಿಲ್ಲದೆ ಮಾಡುವ ಎರಡು ಗಂಟೆಯ ಅಭ್ಯಾಸಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಈ ಕೈಪಿಡಿಗೆ ಬೇಕಾದದ್ದು ಹಳೆಯ ಅಭ್ಯಾಸದ ಹಾಳೆಗಳು, ಒಂದು ಎಚ್‌ಬಿ ಅಥವಾ 2ಬಿ ಪೆನ್ಸಿಲ್, ಒಂದು ಬಾಲ್ ಪೆನ್, ಬೇರೆ ಬಣ್ಣದ ಇನ್ನೊಂದು ಪೆನ್, ಸ್ಕೇಲ್ ಮತ್ತು ಅಡುಗೆಮನೆಯ ಒಂದು ಸ್ಟೀಲ್ ಲೋಟ ಮಾತ್ರ. ಹೊಸದಾಗಿ ಏನನ್ನೂ ಕೊಳ್ಳುವ ಅಗತ್ಯವಿಲ್ಲ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ

ದೋಷ ಯಾವುದೇ ಇರಲಿ, ಅದೇ ಅಭ್ಯಾಸವನ್ನು ಹಾಳೆಯನ್ನು ಕಾಲು ಸುತ್ತು ತಿರುಗಿಸಿ ಮಾಡಿರಿ, ಮತ್ತೆ ಕಾಲು ಸುತ್ತು ತಿರುಗಿಸಿ ಮಾಡಿರಿ, ಹೀಗೆ ನಾಲ್ಕೂ ದಿಕ್ಕಿನಲ್ಲಿ ಕೆಲವು ಗೆರೆಗಳನ್ನೋ ದೀರ್ಘವೃತ್ತಗಳನ್ನೋ ಬರೆಯಿರಿ. ಪ್ರತಿ ಗುಂಪಿನ ಪಕ್ಕದಲ್ಲಿ, ಬರೆಯುವಾಗ ನಿಮ್ಮ ದೇಹ ಯಾವ ಕಡೆಗಿತ್ತು ಎಂಬುದನ್ನು ಸಣ್ಣ ಬಾಣದ ಗುರುತಿನಿಂದ ತೋರಿಸಿರಿ. ಹಾಳೆಯನ್ನು ಎಷ್ಟು ತಿರುಗಿಸಿದರೂ ದೋಷವು ನಿಮ್ಮ ದೇಹಕ್ಕೆ ಹೋಲಿಸಿದಂತೆ ಒಂದೇ ಕಡೆಗೆ ಇದ್ದರೆ ಅದರ ಮೂಲ ಕೈಯ ಚಲನೆಯಲ್ಲಿ ಅಥವಾ ಕೂತ ಭಂಗಿಯಲ್ಲಿದೆ. ಒಂದು ದಿಕ್ಕಿನಲ್ಲಿ ಮಾತ್ರ ಕಂಡು ಉಳಿದ ಮೂರರಲ್ಲಿ ಇಲ್ಲವಾದರೆ ಆ ದಿಕ್ಕಿನ ಚಲನೆಯೊಂದೇ ನಿಮಗೆ ಇನ್ನೂ ಒಗ್ಗಿಲ್ಲ. ನಾಲ್ಕೂ ದಿಕ್ಕಿನಲ್ಲಿ ಗೆರೆಗಳು ಚೆನ್ನಾಗಿದ್ದು, ಅವುಗಳಿಂದ ಕಟ್ಟಿದ ಪೆಟ್ಟಿಗೆ ಮಾತ್ರ ತಪ್ಪಿದರೆ ಕೈಯಲ್ಲಿ ಏನೂ ದೋಷವಿಲ್ಲ. ನೇರವಾಗಿ ಪರ್ಸ್‌ಪೆಕ್ಟಿವ್ ಭಾಗಕ್ಕೆ ಹೋಗಬಹುದು.

ಮೇಜಿನ ಮೇಲೆ ಸರಿಯಾಗಿ ಕಂಡದ್ದು, ಎತ್ತಿ ಹಿಡಿದರೆ ಉದ್ದವಾಗಿ ಕಾಣುತ್ತದೆ

ಹಾಳೆ ಮೇಜಿನ ಮೇಲೆ ಮಟ್ಟಸವಾಗಿ ಮಲಗಿರುವಾಗ ಅದರ ಮೇಲಂಚು ಕೆಳಗಿನ ಅಂಚಿಗಿಂತ ಕಣ್ಣಿಗೆ ದೂರವಿರುತ್ತದೆ. ಹಾಗಾಗಿ ಹಾಳೆಯ ಎತ್ತರ ಕುಗ್ಗಿದಂತೆ ಕಾಣುತ್ತದೆ. ಕಣ್ಣಿಗೆ ಸರಿ ಅನಿಸುವ ತನಕ ಕೈ ಆಕೃತಿಯನ್ನು ಮೇಲ್ಮುಖವಾಗಿ ಹಿಗ್ಗಿಸುತ್ತದೆ. ವೃತ್ತ ಬರೆದು ಹಾಳೆಯನ್ನು ಮುಖದ ಎದುರಿಗೆ ನೆಟ್ಟಗೆ ಹಿಡಿದು ನೋಡಿದರೆ ಸಾಕು, ಎತ್ತರ ಹೆಚ್ಚಾಗಿದ್ದರೆ ಕೂಡಲೇ ತಿಳಿಯುತ್ತದೆ. ಇದಕ್ಕೆ ಅಭ್ಯಾಸದಿಂದ ಪರಿಹಾರವಿಲ್ಲ, ಬೇಕೂ ಇಲ್ಲ. ಮಕ್ಕಳು ಪರೀಕ್ಷೆಗೆ ಒಯ್ಯುವ ರಟ್ಟಿನ ಪ್ಯಾಡ್‌ಗೆ ಹಾಳೆಯನ್ನು ಸಿಕ್ಕಿಸಿ, ಅದರ ಮೇಲ್ಭಾಗದ ಕೆಳಗೆ ಎರಡು ಮೂರು ದಪ್ಪ ಪುಸ್ತಕ ಇಟ್ಟು ಇಳಿಜಾರು ಮಾಡಿಕೊಂಡರೆ ದೋಷ ಬಹುಮಟ್ಟಿಗೆ ಹೋಗುತ್ತದೆ. ರಾಜ್ಯದಲ್ಲಿ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಸಿದ್ಧರಾಗುವ ಮಕ್ಕಳು ಶಾಲೆಯ ಡೆಸ್ಕಿನ ಮೇಲೆಯೇ ಅಭ್ಯಾಸ ಮಾಡಬೇಕಾಗಿ ಬರುವುದರಿಂದ, ಈ ಒಂದು ವ್ಯವಸ್ಥೆಯನ್ನು ಶಿಕ್ಷಕರು ಮೊದಲ ದಿನವೇ ಹೇಳಿಕೊಟ್ಟರೆ ಬಹಳ ಉಪಕಾರವಾಗುತ್ತದೆ.

ಬೆಳಕನ್ನೂ ಇಲ್ಲಿಯೇ ಗಮನಿಸಿರಿ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ, ಎಡಗೈಯವರಿಗೆ ಬಲಗಡೆಯಿಂದ ಬರಬೇಕು. ಇಲ್ಲವಾದರೆ ಪೆನ್ಸಿಲ್ ತುದಿ ಕೈಯ ನೆರಳಿನಲ್ಲಿ ಉಳಿದು, ಅದನ್ನು ಕಾಣಲು ತಲೆ ವಾಲುತ್ತದೆ. ತಲೆ ವಾಲಿದ ಮೇಲೆ ನೆಟ್ಟಗಿನ ಗೆರೆಗಳೆಲ್ಲ ವಾಲುತ್ತವೆ.

ಗೆರೆ ನಡುಗಿದಂತೆ ಬರುತ್ತದೆ

ನಡುಕದಲ್ಲಿ ಎರಡು ಬಗೆಯಿದೆ. ಒಂದು ಮಿಲಿಮೀಟರಿಗೊಂದು ಏರಿಳಿತವಿರುವ ಸಣ್ಣ ನಡುಕ ಒಂದಾದರೆ, ಎರಡು ಮೂರು ಸೆಂಟಿಮೀಟರಿಗೊಮ್ಮೆ ದಿಕ್ಕು ಬದಲಿಸುವ ಉದ್ದ ಅಲೆ ಇನ್ನೊಂದು.

ಸಣ್ಣ ನಡುಕಕ್ಕೆ ಮೊದಲು ಮಾಡಬೇಕಾದ ಅತ್ಯಂತ ಅಗ್ಗದ ತಪಾಸಣೆ ಮೇಜನ್ನು ಅಲ್ಲಾಡಿಸಿ ನೋಡುವುದು. ಕಾಲು ಸಮವಿಲ್ಲದ ಮೇಜು, ಹಾಳೆಯ ಕೆಳಗಿನ ಉಬ್ಬುತಗ್ಗು, ಒರಟು ಕಾಗದ ಇವು ಮೂರೂ ಸಣ್ಣ ನಡುಕವನ್ನು ಹುಟ್ಟಿಸುತ್ತವೆ. ಹಾಳೆಯ ಕೆಳಗೆ ನಾಲ್ಕಾರು ಹಾಳೆಗಳನ್ನು ಮೆತ್ತೆಯಾಗಿ ಹಾಕಿ ಅದೇ ಗೆರೆ ಎಳೆಯಿರಿ. ನಡುಕ ಉಳಿದರೆ ಮುಂದಿನ ಹೆಜ್ಜೆ ವೇಗ. ಆರೋಗ್ಯವಂತರ ಕೈಯಲ್ಲೂ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಕಂಪಿಸುವ ಸೂಕ್ಷ್ಮ ನಡುಕ ಸದಾ ಇರುತ್ತದೆ. ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ಗೆರೆ ಎಳೆದರೆ ಆ ಕಂಪನವು ಒಂದು ಮಿಲಿಮೀಟರಿಗೊಂದರಂತೆ ಹಾಳೆಯ ಮೇಲೆ ಅಚ್ಚಾಗುತ್ತದೆ. ಅದೇ ಗೆರೆಯನ್ನು ಇಪ್ಪತ್ತು ಪಟ್ಟು ವೇಗದಲ್ಲಿ ಎಳೆದರೆ ಅದು ಎರಡು ಸೆಂಟಿಮೀಟರಿಗೆ ಒಂದಾಗಿ ಹರಡಿಕೊಂಡು ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ನಿಧಾನವಾಗಿ ಎಳೆದ ಗೆರೆ ನಡುಗಿದರೆ ಅದು ಕೈಯ ದುರ್ಬಲತೆಯ ಲಕ್ಷಣವಲ್ಲ. ಆರಂಭದ ಚುಕ್ಕೆಯಿಂದ ಕೊನೆಯ ಚುಕ್ಕೆಗೆ ಪೆನ್ನನ್ನು ಹಾಳೆಗೆ ತಾಗಿಸದೆ ಎರಡು ಮೂರು ಸಲ ಗಾಳಿಯಲ್ಲಿ ಓಡಿಸಿ, ದಾರಿ ಕೈಗೆ ತಿಳಿಯಿತು ಅನಿಸಿದಾಗ ಅದೇ ಲಯದಲ್ಲಿ ಪೆನ್ನನ್ನು ಇಳಿಸಿ ಒಂದೇ ಎಳೆತದಲ್ಲಿ ಮುಗಿಸಿರಿ. ಗುರಿ ತಪ್ಪಿದರೂ ಸರಿ, ಎಳೆತ ಅರ್ಧಕ್ಕೆ ನಿಲ್ಲಬಾರದು.

ವೇಗ ಹೆಚ್ಚಿಸಿದರೂ ಸಣ್ಣ ನಡುಕ ಹೋಗದಿದ್ದರೆ ಹಿಡಿತ ನೋಡಿರಿ. ಉಗುರಿನ ಬುಡ ಬಿಳಿಚುವಷ್ಟು ಬಿಗಿಯಾಗಿ ಪೆನ್ಸಿಲ್ ಹಿಡಿದಿದ್ದರೆ, ಹಾಳೆಯ ಹಿಂಭಾಗವನ್ನು ಬೆರಳಿನಿಂದ ಸವರಿದಾಗ ಗೆರೆಯ ಉಬ್ಬು ತಾಗಿದರೆ, ಒತ್ತಡ ಅತಿಯಾಗಿದೆ. ಪೆನ್ಸಿಲನ್ನು ತುದಿಯಿಂದ ಇನ್ನೆರಡು ಬೆರಳಿನ ಅಗಲ ಹಿಂದಕ್ಕೆ ಹಿಡಿದರೆ ಒತ್ತಲು ಬಯಸಿದರೂ ಒತ್ತಲಾಗುವುದಿಲ್ಲ. ನಿದ್ದೆಗೆಟ್ಟ ದಿನ, ಹಸಿದಾಗ, ಎರಡು ಮೂರು ಲೋಟ ಕಾಫಿ ಕುಡಿದ ಮೇಲೆ ಸಹಜ ನಡುಕ ಹೆಚ್ಚುತ್ತದೆ. ಅಂಥ ದಿನದ ಹಾಳೆಯನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿರಿ.

ಉದ್ದ ಅಲೆಯ ಕಾರಣವೇ ಬೇರೆ. ಗೆರೆ ಎಳೆಯುತ್ತಿರುವಾಗ ಕಣ್ಣು ಪೆನ್ನಿನ ತುದಿಯನ್ನೇ ಹಿಂಬಾಲಿಸಿದರೆ, ಸ್ವಲ್ಪ ವಾಲಿತು ಅನಿಸಿದಾಗಲೆಲ್ಲ ಕೈ ಅದನ್ನು ತಿದ್ದಲು ಹೊರಡುತ್ತದೆ, ತಿದ್ದುಪಡಿ ತಡವಾಗಿ ಬರುವುದರಿಂದ ಇನ್ನೊಂದು ಕಡೆಗೆ ವಾಲುತ್ತದೆ. ಕಣ್ಣನ್ನು ಕೊನೆಯ ಚುಕ್ಕೆಯ ಮೇಲೆ ನೆಟ್ಟು ಎಳೆಯಿರಿ. ಅಲೆ ಮಾಯವಾಗಿ ಗೆರೆ ಸ್ವಲ್ಪ ಗುರಿ ತಪ್ಪಿದರೆ ಅದು ಮುನ್ನಡೆಯೇ.

ಗೆರೆ ಯಾವಾಗಲೂ ಒಂದೇ ಕಡೆಗೆ ಬಾಗುತ್ತದೆ

ತುದಿಗಳೆರಡನ್ನೂ ಸ್ಕೇಲಿನಿಂದ ಜೋಡಿಸಿ, ನಡುವಿನ ಅಂತರವನ್ನು ಅಳೆಯಿರಿ. ಉಬ್ಬು ಪ್ರತಿ ಸಲವೂ ನಿಮ್ಮ ಮೊಣಕೈಯಿಂದ ಆಚೆಗೆ ಇದ್ದರೆ, ಒಂದೇ ಕೀಲನ್ನು ನೆಲೆಯಾಗಿಟ್ಟುಕೊಂಡು ಕೈ ತಿರುಗುತ್ತಿದೆ ಎಂದರ್ಥ. ಒಂದೇ ಕೀಲಿನ ಸುತ್ತ ತಿರುಗುವ ಯಾವುದೂ ನೇರ ಗೆರೆ ಬರೆಯಲಾರದು, ಅದು ಬರೆಯುವುದು ಕಂಸವನ್ನು. ಮೊಣಕೈಯಿಂದ ಪೆನ್ನಿನ ತುದಿಗೆ 40 ಸೆಂ.ಮೀ. ಇದೆ ಎಂದುಕೊಂಡರೆ 15 ಸೆಂ.ಮೀ. ಉದ್ದದ ಗೆರೆಯ ನಡುಭಾಗ ಸುಮಾರು 7 ಮಿ.ಮೀ. ಉಬ್ಬಬೇಕು. ನಿಮ್ಮ ಉಬ್ಬು ಇದಕ್ಕೆ ಹತ್ತಿರವಿದ್ದರೆ ಮೊಣಕೈ ಮೇಜಿಗೆ ಅಂಟಿಕೊಂಡಿದೆ; ಇನ್ನೂ ಹೆಚ್ಚಿದ್ದರೆ ಮಣಿಕಟ್ಟೊಂದೇ ತಿರುಗುತ್ತಿದೆ.

‘ಭುಜದಿಂದ ಗೆರೆ ಎಳೆಯಿರಿ’ ಎಂಬ ಪ್ರಸಿದ್ಧ ಸಲಹೆಯನ್ನು ಇಲ್ಲಿ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಭುಜವೊಂದೇ ತಿರುಗಿದರೂ ಬರುವುದು ಕಂಸವೇ, ತ್ರಿಜ್ಯ ದೊಡ್ಡದಾದ್ದರಿಂದ ಬಾಗು ಕಡಿಮೆ ಅಷ್ಟೇ. ಭುಜ ತಿರುಗುತ್ತಿರುವಾಗಲೇ ಮೊಣಕೈ ಅಷ್ಟಷ್ಟೇ ಮಡಿಚುತ್ತ ಬಿಚ್ಚುತ್ತ ಹೊಂದಿಕೊಂಡಾಗ ಮಾತ್ರ ಗೆರೆ ನೇರವಾಗುತ್ತದೆ. ಆದ್ದರಿಂದ ಪರಿಹಾರ ಕೈಯನ್ನು ಮರಗಟ್ಟಿಸಿ ಭುಜ ಬೀಸುವುದಲ್ಲ. ಮೊಣಕೈಯನ್ನು ಮೇಜಿನಿಂದ ಎತ್ತಿ, ಕಿರುಬೆರಳಿನ ಉಗುರು ಮಾತ್ರ ಹಾಳೆಗೆ ತಾಗುವಂತೆ ಇಟ್ಟುಕೊಂಡು, ಇಡೀ ತೋಳು ಒಟ್ಟಾಗಿ ಸಾಗಲು ಬಿಡುವುದು. ಮೊದಲು ಗೋಡೆಗೆ ಅಂಟಿಸಿದ ಹಳೆಯ ವೃತ್ತಪತ್ರಿಕೆಯ ಮೇಲೆ ನಿಂತುಕೊಂಡು ಮಾಡಿದರೆ ಮೊಣಕೈಗೆ ಊರಲು ಜಾಗವೇ ಇರುವುದಿಲ್ಲ. ಅಂಗಳದಲ್ಲಿ ರಂಗೋಲಿಯ ಉದ್ದ ಎಳೆಗಳನ್ನು ಎಳೆದು ರೂಢಿಯಾದವರಿಗೆ ಈ ಚಲನೆ ಬೇಗ ಒಲಿಯುತ್ತದೆ, ಏಕೆಂದರೆ ಅಲ್ಲಿಯೂ ಕೈಗೆ ಆಸರೆಯಿಲ್ಲ. ಎರಡು ಮೂರು ಸೆಂಟಿಮೀಟರಿನ ಗೆರೆಗಳಿಗೆ ಮಣಿಕಟ್ಟು ಸಾಕು. ಅವಕ್ಕೂ ತೋಳನ್ನೇ ಬಳಸಬೇಕೆಂಬ ಹಟ ಬೇಡ.

ಗೆರೆಯ ಆರಂಭದಲ್ಲಿ ಕೊಕ್ಕೆ ಕಾಣಿಸಿದರೆ ಪೆನ್ನು ಚಲಿಸುವ ಮೊದಲೇ ಹಾಳೆಗೆ ಊರಿದೆ. ಕೊನೆಯಲ್ಲಿ ಚುಕ್ಕೆಯನ್ನು ದಾಟಿ ಹೋದರೆ, ಚುಕ್ಕೆ ಬಂದಾಗ ನಿಲ್ಲಿಸುವ ಬದಲು ಪೆನ್ನನ್ನು ಮೇಲಕ್ಕೆತ್ತಿರಿ. ಚಲಿಸುವ ಕೈಯನ್ನು ನಿಲ್ಲಿಸುವುದಕ್ಕಿಂತ ಎತ್ತುವುದು ಸುಲಭ. ಒಂದು ಗೆರೆಗೆ ಬದಲಾಗಿ ಹತ್ತು ತುಂಡು ಗೆರೆಗಳು ಬರುತ್ತಿದ್ದರೆ ಪೆನ್ಸಿಲ್ ಬದಿಗಿಟ್ಟು ವಾರದ ಮಟ್ಟಿಗೆ ಬಾಲ್ ಪೆನ್ನಿನಲ್ಲಿ ಮಾತ್ರ ಬರೆಯಿರಿ. ಅಳಿಸಲು ಬಾರದು ಎಂಬುದು ಗೊತ್ತಿದ್ದಾಗ ಎಳೆಯುವ ಮುನ್ನವೇ ನಿರ್ಧಾರವಾಗುತ್ತದೆ.

ದೀರ್ಘವೃತ್ತದ ತುದಿ ಚೂಪಾಗುತ್ತದೆ, ಬದಿ ಚಪ್ಪಟೆಯಾಗುತ್ತದೆ, ಅಥವಾ ಮೊಟ್ಟೆಯಾಗುತ್ತದೆ

ದೀರ್ಘವೃತ್ತಕ್ಕೆ ಎರಡು ಅಕ್ಷಗಳಿವೆ: ಉದ್ದದ ದೀರ್ಘಾಕ್ಷ, ಅದಕ್ಕೆ ಲಂಬವಾದ ಗಿಡ್ಡ ಹ್ರಸ್ವಾಕ್ಷ. ಇವು ಆಕೃತಿಯನ್ನು ಒಂದಕ್ಕೊಂದು ಸರಿಸಮವಾದ ನಾಲ್ಕು ಭಾಗ ಮಾಡಬೇಕು. ತೆಳು ಹಾಳೆಯನ್ನು ದೀರ್ಘಾಕ್ಷದ ಗುಂಟ ಮಡಿಚಿ ಕಿಟಕಿಯ ಬೆಳಕಿಗೆ ಹಿಡಿಯಿರಿ, ಆಮೇಲೆ ಹ್ರಸ್ವಾಕ್ಷದ ಗುಂಟ ಮಡಿಚಿ ಹಿಡಿಯಿರಿ. ಎಲ್ಲಿ ಗೆರೆಗಳು ಒಂದರ ಮೇಲೊಂದು ಕೂರುವುದಿಲ್ಲವೋ ಅಲ್ಲಿ ದೋಷವಿದೆ. ಇದಕ್ಕಿಂತ ಸರಳವೂ ನಿಖರವೂ ಆದ ತಪಾಸಣೆ ಮನೆಯಲ್ಲಿ ಮಾಡಲು ಇನ್ನೊಂದಿಲ್ಲ.

ಎರಡು ತುದಿಗಳೂ ಚೂಪಾಗಿದ್ದರೆ ಆಕೃತಿಯನ್ನು ಒಂದೇ ಸುತ್ತಿನಲ್ಲಿ ಬರೆಯದೆ, ಮೇಲೊಂದು ಕೆಳಗೊಂದು ಕಂಸ ಬರೆದು ಜೋಡಿಸಲಾಗಿದೆ. ತಿರುವಿನಲ್ಲಿ ಕೈಯ ವೇಗ ತಾನಾಗಿಯೇ ತಗ್ಗುತ್ತದೆ, ಅದು ಸಹಜ. ಆದರೆ ತಗ್ಗುವುದು ಬೇರೆ, ನಿಂತು ದಿಕ್ಕು ಬದಲಿಸುವುದು ಬೇರೆ. ಗಾಳಿಯಲ್ಲಿ ಸುತ್ತು ಹಾಕಿ, ನಿಲ್ಲಿಸದೆ ಹಾಳೆಗಿಳಿದು, ಎರಡು ಸುತ್ತು ಪೂರೈಸಿ ಎತ್ತಿರಿ. ಎರಡನೆಯ ಸುತ್ತು ಮೊದಲನೆಯದರಿಂದ ಬಹಳ ದೂರ ಹೋದರೆ ಆಕೃತಿಯ ಗಾತ್ರ ಕೈಗೆ ಮೀರಿದೆ; ಮೂರು ನಾಲ್ಕು ಸೆಂಟಿಮೀಟರ್ ಅಗಲಕ್ಕೆ ಇಳಿಸಿ, ಅಲ್ಲಿ ಸರಿಹೋದ ಮೇಲೆ ಹಿಗ್ಗಿಸಿರಿ. ಒಂದು ಕಾಲುಭಾಗ ಮಾತ್ರ ಸದಾ ಚಪ್ಪಟೆಯಾಗುತ್ತಿದ್ದರೆ ಹಾಳೆ ತಿರುಗಿಸುವ ಪರೀಕ್ಷೆ ಮಾಡಿರಿ. ಬಹುತೇಕ ಸಂದರ್ಭಗಳಲ್ಲಿ ಅದು ಬೆರಳು ಮಡಿಚಬೇಕಾದ ಕಡೆ ಮಡಿಚದೆ ಮಣಿಕಟ್ಟು ಎಳೆದುಕೊಂಡು ಹೋದ ಜಾಗ.

ಒಂದು ತುದಿ ದಪ್ಪ, ಇನ್ನೊಂದು ಸಪೂರವಾಗುವ ಮೊಟ್ಟೆಯಾಕಾರಕ್ಕೆ ಕೈ ಮಾತ್ರವಲ್ಲ, ಆಲೋಚನೆಯೂ ಕಾರಣವಾಗುತ್ತದೆ. ಜರ್ಮನಿಯ ಮಹಾನ್ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿ ಪ್ರಕಟಿಸಿದ ಅಳತೆಗಾರಿಕೆಯ ಗ್ರಂಥದಲ್ಲಿ, ಶಂಕುವನ್ನು ಓರೆಯಾಗಿ ಕತ್ತರಿಸಿದಾಗ ಸಿಗುವ ದೀರ್ಘವೃತ್ತವನ್ನು ಕೆಳಗೆ ಅಗಲ, ಮೇಲೆ ಕಿರಿದು ಆಗಿ ಚಿತ್ರಿಸಿ, ಅದನ್ನು ಮೊಟ್ಟೆಯ ಗೆರೆ ಎಂದೇ ಕರೆದ. ಶಂಕು ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ, ಹಾಗಾಗಿ ಅದರ ಕತ್ತರಿಕೆಯೂ ಕಿರಿದಾಗಬೇಕು ಎಂಬ ಊಹೆ ತರ್ಕಬದ್ಧವಾಗಿ ಕಂಡರೂ ನಿಜವಲ್ಲ. ದೂರದ ವೃತ್ತವನ್ನು ಬರೆಯುವ ಹೊಸಬರೂ ಇದೇ ರೀತಿ ಯೋಚಿಸುತ್ತಾರೆ: ದೂರದ ಅರ್ಧ ಚಿಕ್ಕದಾಗಿ ಕಾಣಬೇಕಲ್ಲವೇ ಎಂದು ಅದನ್ನು ಸಪೂರ ಮಾಡುತ್ತಾರೆ. ದೂರದ ಅರ್ಧ ಚಿಕ್ಕದಾಗಿ ಕಾಣುವುದು ನಿಜ, ಆದರೂ ಒಟ್ಟು ಆಕೃತಿ ಸಮಪಾರ್ಶ್ವದ ದೀರ್ಘವೃತ್ತವಾಗಿಯೇ ಉಳಿಯುತ್ತದೆ. ನಿಜವಾದ ವೃತ್ತದ ಕೇಂದ್ರವು ಚಿತ್ರದ ದೀರ್ಘವೃತ್ತದ ಕೇಂದ್ರಕ್ಕಿಂತ ಸ್ವಲ್ಪ ಹಿಂದಕ್ಕೆ ಸರಿದಿರುವುದರಿಂದ ಈ ಎರಡು ಮಾತುಗಳು ಒಂದಕ್ಕೊಂದು ಹೊಂದುತ್ತವೆ.

ಕಣ್ಣಿನಿಂದ ತೀರ್ಮಾನವಾಗದಿದ್ದರೆ ಕಾಗದದ ಪಟ್ಟಿಯೊಂದನ್ನು ತೆಗೆದುಕೊಳ್ಳಿರಿ. ಅದರ ಒಂದು ತುದಿಯಿಂದ ಹ್ರಸ್ವಾಕ್ಷದ ಅರ್ಧ ಉದ್ದಕ್ಕೆ ಒಂದು ಗುರುತು, ದೀರ್ಘಾಕ್ಷದ ಅರ್ಧ ಉದ್ದಕ್ಕೆ ಇನ್ನೊಂದು ಗುರುತು ಮಾಡಿರಿ. ಮೊದಲ ಗುರುತು ಸದಾ ದೀರ್ಘಾಕ್ಷದ ಮೇಲೆ, ಎರಡನೆಯದು ಸದಾ ಹ್ರಸ್ವಾಕ್ಷದ ಮೇಲೆ ಇರುವಂತೆ ಪಟ್ಟಿಯನ್ನು ಸರಿಸುತ್ತ, ತುದಿ ಬಂದಲ್ಲೆಲ್ಲ ಚುಕ್ಕೆಯಿಟ್ಟರೆ ನಿಖರವಾದ ದೀರ್ಘವೃತ್ತ ಸಿಗುತ್ತದೆ. ನಿಮ್ಮ ಗೆರೆ ಎಲ್ಲಿ ಒಳಗೆ ಹೋಗಿದೆ, ಎಲ್ಲಿ ಹೊರಗೆ ಬಂದಿದೆ ಎಂಬುದನ್ನು ಆ ಚುಕ್ಕೆಗಳೇ ತೋರಿಸುತ್ತವೆ.

ಲೋಟ ಮೇಜಿನ ಮೇಲೆ ನಿಲ್ಲುವುದಿಲ್ಲ, ಚಕ್ರ ಸೊಟ್ಟಗಿರುತ್ತದೆ

ಬಾಯಿ ಸರಿಯಾಗಿದ್ದರೂ ಲೋಟ ತೇಲುವಂತೆ ಕಂಡರೆ ತಳವನ್ನು ನೋಡಿರಿ. ಮೇಜು ಸಪಾಟಾಗಿದೆ ಎಂಬ ಅರಿವಿನಿಂದ ತಳವನ್ನು ನೇರ ಗೆರೆಯಾಗಿಯೋ ಬಾಯಿಗಿಂತ ಚಪ್ಪಟೆಯಾಗಿಯೋ ಬರೆಯುವುದು ಸರ್ವೇಸಾಮಾನ್ಯ. ಸ್ಟೀಲ್ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ: ಬಾಯಿ ಒಂದೇ ಗೆರೆಯಾಗುತ್ತದೆ. ನಿಧಾನವಾಗಿ ಕೆಳಗಿಳಿಸಿರಿ: ಬಾಯಿ ತೆರೆಯುತ್ತ ಹೋಗುತ್ತದೆ. ತಳವು ಬಾಯಿಗಿಂತಲೂ ಕೆಳಗಿರುವುದರಿಂದ ಅದರ ದೀರ್ಘವೃತ್ತ ಬಾಯಿಯದಕ್ಕಿಂತ ಹೆಚ್ಚು ತೆರೆದಿರಲೇಬೇಕು.

ಮಲಗಿಸಿದ ಲೋಟ, ಬಂಡಿಯ ಚಕ್ರ ಇವುಗಳಲ್ಲಿ ತಪಾಸಣೆ ಹ್ರಸ್ವಾಕ್ಷದ್ದು. ಚಕ್ರದ ಅಚ್ಚು ಯಾವ ದಿಕ್ಕಿಗೆ ಸಾಗುತ್ತದೋ ಹ್ರಸ್ವಾಕ್ಷವೂ ಅದೇ ದಿಕ್ಕಿಗೆ ಇರಬೇಕು. ಇವೆರಡರ ನಡುವೆ ಕೋನ ಕಂಡುಬಂದರೆ ಗೆರೆ ಎಷ್ಟು ನುಣುಪಾಗಿದ್ದರೂ ಚಕ್ರ ಕಳಚಿ ಬೀಳುವಂತೆ ತೋರುತ್ತದೆ.

ಪೆಟ್ಟಿಗೆ ಹಿಂದಕ್ಕೆ ಹೋದಂತೆ ಅಗಲವಾಗುತ್ತದೆ

ಪರ್ಸ್‌ಪೆಕ್ಟಿವ್ ಅಭ್ಯಾಸದಲ್ಲಿ ಅತಿ ಹೆಚ್ಚು ಕಾಣುವ ದೋಷವಿದು. ಬೇರೆ ಬಣ್ಣದ ಪೆನ್ನು ಮತ್ತು ಸ್ಕೇಲಿನಿಂದ ಪೆಟ್ಟಿಗೆಯ ಅಂಚುಗಳನ್ನು ಹಿಂದಕ್ಕೆ ಉದ್ದವಾಗಿ ಮುಂದುವರಿಸಿರಿ. ನಿಜದಲ್ಲಿ ಸಮಾಂತರವಾಗಿರುವ ನಾಲ್ಕು ಅಂಚುಗಳ ಒಂದು ಗುಂಪು ದೂರದಲ್ಲಿ ಒಂದೇ ಬಿಂದುವಿನತ್ತ, ಅಂದರೆ ವ್ಯಾನಿಷಿಂಗ್ ಪಾಯಿಂಟಿನತ್ತ, ಕೂಡಬೇಕು. ಮೂರು ಕೂಡಿ ಒಂದು ಮಾತ್ರ ಬೇರೆಡೆಗೆ ಹೋದರೆ ಆ ಒಂದೇ ಅಂಚನ್ನು ತಿದ್ದಿದರೆ ಸಾಕು. ಹೆಚ್ಚಾಗಿ ಅದು ಕೊನೆಯಲ್ಲಿ, ಉಳಿದ ಮೂಲೆಗಳನ್ನು ಹೇಗೋ ಜೋಡಿಸಲು ಎಳೆದ ಹಿಂದಿನ ಅಂಚಾಗಿರುತ್ತದೆ. ನಾಲ್ಕೂ ಚೆದುರಿದರೆ ಅಂಚುಗಳನ್ನು ಬಿಡಿಬಿಡಿಯಾಗಿ ಬರೆಯಲಾಗಿದೆ. ಪ್ರತಿ ಅಂಚನ್ನು ಎಳೆಯುವ ಮುನ್ನ ಅದರ ಗುಂಪಿನ ಉಳಿದ ಮೂರೂ ಎಲ್ಲಿಗೆ ಹೋಗುತ್ತಿವೆ ಎಂದು ನೋಡುವುದೇ ಇದಕ್ಕೆ ಮದ್ದು.

ಗುಂಪುಗಳು ಸರಿಯಾಗಿ ಕೂಡಿದರೂ ಪೆಟ್ಟಿಗೆಗಳು ಒಂದೇ ನೆಲದ ಮೇಲೆ ಇದ್ದಂತೆ ಕಾಣದಿದ್ದರೆ, ಮಟ್ಟಸವಾದ ಅಂಚುಗಳ ಕೂಡುಬಿಂದುಗಳೆಲ್ಲ ಒಂದೇ ದಿಗಂತರೇಖೆಯ ಮೇಲಿವೆಯೇ ಎಂದು ಪರೀಕ್ಷಿಸಿರಿ. ದಿಗಂತರೇಖೆ ಎಂಬುದು ನೋಡುವವರ ಕಣ್ಣಿನ ಎತ್ತರ. ಹಂಪಿಯ ವಿರೂಪಾಕ್ಷ ಬಜಾರಿನ ಬೀದಿಯಲ್ಲಿ ನಿಂತು ಎರಡೂ ಬದಿಯ ಮಂಟಪಗಳ ಸಾಲನ್ನು ನೋಡಿದರೆ ಸೂರಿನ ಗೆರೆಗಳು ಇಳಿಯುತ್ತ, ಜಗುಲಿಯ ಗೆರೆಗಳು ಏರುತ್ತ ಕಣ್ಮಟ್ಟದತ್ತ ಸಾಗುವುದು ಸ್ಪಷ್ಟವಾಗಿ ಕಾಣುತ್ತದೆ. ಜಗುಲಿ ಹತ್ತಿ ನಿಂತರೆ ಕಣ್ಮಟ್ಟವೂ ಅಷ್ಟೇ ಮೇಲೇರುತ್ತದೆ. ಕಂಬಸಾಲಿನ ಯಾವ ಶಾಲೆಯ ಜಗಲಿಯಲ್ಲಾದರೂ ಇದನ್ನೇ ಕೂತು ನಿಂತು ನೋಡಿ ತಿಳಿಯಬಹುದು.

ಪೆಟ್ಟಿಗೆಯ ಮುಂದಿನ ಮೂಲೆ ಕೊಡಲಿಯಂತೆ ಚೂಪಾಗುತ್ತದೆ

ಎಲ್ಲ ಅಂಚುಗಳೂ ನಿಯಮದಂತೆ ಕೂಡುತ್ತವೆ, ಆದರೂ ಪೆಟ್ಟಿಗೆ ಎಳೆದು ಹಿಗ್ಗಿಸಿದಂತೆ ಕಾಣುತ್ತದೆ. ಒಂದು ಅಂಚೆ ಕಾರ್ಡಿನ ಮೂಲೆಯನ್ನು ಪೆಟ್ಟಿಗೆಯ ಅತಿ ಹತ್ತಿರದ ತಳದ ಮೂಲೆಗೆ ಹೊಂದಿಸಿ ನೋಡಿರಿ. ಎರಡು ಕಡೆಗೆ ಸಾಗುವ ಅಂಚುಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆಯಿದ್ದರೆ ಎರಡು ವ್ಯಾನಿಷಿಂಗ್ ಪಾಯಿಂಟುಗಳು ಪೆಟ್ಟಿಗೆಗೆ ತೀರಾ ಹತ್ತಿರವಿವೆ. ಎರಡೂ ಬಿಂದುಗಳನ್ನು ವ್ಯಾಸದ ತುದಿಗಳೆಂದು ತಿಳಿದು ಒಂದು ವೃತ್ತ ಬರೆದರೆ, ಆ ವೃತ್ತದ ಹೊರಗೆ ಬೀಳುವ ಮುಂದಿನ ಮೂಲೆಗಳೆಲ್ಲ ಹೀಗೆ ಚೂಪಾಗುತ್ತವೆ. ಕಾರಣ ಹಾಳೆಯ ಅಗಲದ ಮಿತಿ: ಎರಡೂ ಬಿಂದುಗಳು ಹಾಳೆಯೊಳಗೇ ಇರಬೇಕೆಂದು ಹೊಸಬರು ಭಾವಿಸುತ್ತಾರೆ. ಹಾಳೆಯನ್ನು ವೃತ್ತಪತ್ರಿಕೆಯ ಮೇಲೆ ಅಂಟಿಸಿ ಬಿಂದುಗಳನ್ನು ಆ ಪತ್ರಿಕೆಯ ಮೇಲೆ ದೂರದಲ್ಲಿ ಗುರುತಿಸಿದರೆ ತೊಂದರೆ ಪರಿಹಾರವಾಗುತ್ತದೆ. ಪೆಟ್ಟಿಗೆಯನ್ನು ಚಿಕ್ಕದಾಗಿ ಬರೆಯುವುದೂ ಅದೇ ಫಲ ಕೊಡುತ್ತದೆ.

ನೆಲದ ಚೌಕಗಳ ಸಾಲು ಹೊಂದುವುದಿಲ್ಲ

ಹಾಸುಗಲ್ಲಿನ ನೆಲ ಬರೆಯುವಾಗ ಹಿಂದಿನ ಸಾಲುಗಳನ್ನು ಅಂದಾಜಿನಿಂದ ಇಕ್ಕಟ್ಟು ಮಾಡುತ್ತ ಹೋದರೆ ನೆಲ ಎಲ್ಲೋ ಉಬ್ಬಿದಂತೆ, ಎಲ್ಲೋ ಕುಸಿದಂತೆ ಕಾಣುತ್ತದೆ. ಇಟಲಿಯ ಲಿಯೋನ್ ಬಟಿಸ್ಟಾ ಆಲ್ಬರ್ಟಿ 1435ರಲ್ಲಿ ಚಿತ್ರಕಲೆಯ ಕುರಿತು ಬರೆದಾಗ, ಪ್ರತಿ ಸಾಲನ್ನು ಹಿಂದಿನದರ ಮೂರರಲ್ಲಿ ಎರಡು ಭಾಗಕ್ಕೆ ಇಳಿಸುವ ಆಗಿನ ಚಿತ್ರಕಾರರ ರೂಢಿಯನ್ನು ತಪ್ಪೆಂದು ತೋರಿಸಿ, ಸರಿಯಾದ ನೆಲಕ್ಕೆ ಒಂದು ಪರೀಕ್ಷೆಯನ್ನೂ ಕೊಟ್ಟ. ಒಂದು ಚೌಕದ ಕರ್ಣವನ್ನು ಸ್ಕೇಲಿನಿಂದ ಮುಂದುವರಿಸಿದರೆ ಅದು ಮುಂದಿನ ಸಾಲುಗಳ ಚೌಕಗಳ ಮೂಲೆಗಳನ್ನೂ ಹಾಯ್ದು ಒಂದೇ ನೇರ ಗೆರೆಯಾಗಿ ಹೋಗಬೇಕು. ಎಲ್ಲಿ ಮೂಲೆ ತಪ್ಪುತ್ತದೋ ಆ ಸಾಲಿನ ಗೆರೆಯೇ ತಪ್ಪು. ಬರೆಯುವಾಗಲೂ ಇದೇ ದಾರಿ ಹಿಡಿದು, ಮೊದಲು ಕರ್ಣ ಎಳೆದು ಅದು ಒಳಸಾಗುವ ಗೆರೆಗಳನ್ನು ಕಡಿದ ಕಡೆಯೆಲ್ಲ ಅಡ್ಡ ಸಾಲು ಹಾಕಿದರೆ ಅಂದಾಜಿನ ಅಗತ್ಯವೇ ಬೀಳುವುದಿಲ್ಲ.

ನೋವು, ಜೋಮು, ನಿಲ್ಲದ ನಡುಕ: ಅಭ್ಯಾಸ ನಿಲ್ಲಿಸಬೇಕಾದ ಸಂದರ್ಭಗಳು

ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಪೆನ್ಸಿಲ್ ಕೆಳಗಿಟ್ಟು ಎದ್ದು, ಭುಜ ಸಡಿಲಿಸಿ, ದೂರದ ವಸ್ತುವನ್ನು ನೋಡಿರಿ. ತೋಳಿನ ಸ್ನಾಯುಗಳಿಗೆ ಹೊಸ ಕೆಲಸದಿಂದ ಬರುವ ಆಯಾಸ ಒಂದೆರಡು ದಿನದಲ್ಲಿ ಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುವುದು, ಅದರಿಂದ ರಾತ್ರಿ ಎಚ್ಚರವಾಗುವುದು, ಹೆಬ್ಬೆರಳಿನ ಬುಡದ ಕಡೆ ಮಣಿಕಟ್ಟಿನಲ್ಲಿ ತಿರುಚಿದಾಗ ಚುಚ್ಚುವ ನೋವು, ಬರೆಯತೊಡಗಿದ ಕೂಡಲೇ ಬೆರಳುಗಳು ತಾವಾಗಿ ಸೆಟೆದುಕೊಳ್ಳುವುದು, ಇವು ಆಯಾಸವಲ್ಲ. ಇಂಥವು ಕಂಡರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ನೋವು ತಡೆದುಕೊಂಡು ಹಾಳೆ ಮುಗಿಸುವುದರಲ್ಲಿ ಯಾವ ಸಾಧನೆಯೂ ಇಲ್ಲ. ಕೈ ಸುಮ್ಮನೆ ತೊಡೆಯ ಮೇಲಿದ್ದಾಗಲೂ ನಡುಗಿದರೆ, ಊಟ ಮಾಡುವಾಗ, ಲೋಟ ಹಿಡಿಯುವಾಗಲೂ ನಡುಕ ಕಂಡರೆ, ಅಥವಾ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಅದು ಚಿತ್ರಾಭ್ಯಾಸದ ವಿಷಯವೇ ಅಲ್ಲ. ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆಯಿಂದಲೂ, ಅಸ್ತಮಾಕ್ಕೆ ಬಳಸುವ ಸಾಲ್ಬ್ಯುಟಮಾಲ್‌ನಂಥ ಔಷಧಗಳಿಂದಲೂ ನಡುಕ ಬರುವುದುಂಟು. ಹಾಗೆಂದು ಔಷಧವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಲೇಬಾರದು. ಮುಖದ ಒಂದು ಬದಿ ಜೋತುಬಿದ್ದರೆ, ಒಂದು ಕೈ ಹಠಾತ್ತನೆ ಶಕ್ತಿಗುಂದಿದರೆ ಅಥವಾ ಮಾತು ತೊದಲಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಲವತ್ತು ದಾಟಿದವರು ಹಾಳೆಯನ್ನು ದೂರ ಹಿಡಿದರೆ ಮಾತ್ರ ಗೆರೆ ಸ್ಪಷ್ಟವಾಗುತ್ತದೆ ಅನ್ನುವಂತಿದ್ದರೆ, ಅಥವಾ ಯಾವ ವಯಸ್ಸಿನವರಿಗೇ ಆಗಲಿ ಅಭ್ಯಾಸದ ನಂತರ ತಲೆನೋವು ಬರುತ್ತಿದ್ದರೆ, ಮೊದಲು ಕಣ್ಣು ಪರೀಕ್ಷೆ ಮಾಡಿಸುವುದು ಲೇಸು. ಪೆನ್ಸಿಲನ್ನು ಬ್ಲೇಡಿನಿಂದ ಹೆರೆಯುವವರು ಅಲಗನ್ನು ಸದಾ ದೇಹದಿಂದ ಆಚೆಗೆ ಚಲಿಸಬೇಕು. ಚಿಕ್ಕ ಮಕ್ಕಳಿಗೆ ಶಾರ್ಪನರ್ ಮಾತ್ರ ಕೊಡಬೇಕು.

ಶಿಕ್ಷಕರ ನೆರವು ಪಡೆಯುವ ಮುನ್ನ

ಮೇಲಿನ ತಪಾಸಣೆಗಳನ್ನು ಮಾಡಿ ಮೂರು ನಾಲ್ಕು ವಾರ ತಿದ್ದಿಕೊಂಡರೂ ಅದೇ ದೋಷ ಅದೇ ಪ್ರಮಾಣದಲ್ಲಿ ಉಳಿದರೆ ಇನ್ನೊಬ್ಬರ ಕಣ್ಣು ಬೇಕು. ಚಿತ್ರಕಲಾ ಶಿಕ್ಷಕರ ಬಳಿಗೆ ಹೋಗುವಾಗ ಚೆನ್ನಾಗಿ ಬಂದ ಹಾಳೆಗಳನ್ನು ಆರಿಸಿ ಒಯ್ಯಬೇಡಿರಿ. ರಬ್ಬರ್ ಮುಟ್ಟಿಸದ, ದಿನಾಂಕ ಬರೆದ, ಯಾವ ಕಡೆಯಿಂದ ಬರೆದದ್ದು ಎಂಬ ಬಾಣವಿರುವ ಹಾಳೆಗಳನ್ನು ಒಯ್ಯಿರಿ. ಅವರ ಎದುರಿಗೆ ಕುಳಿತು ಕೆಲವು ಗೆರೆಗಳನ್ನೂ ಒಂದೆರಡು ದೀರ್ಘವೃತ್ತಗಳನ್ನೂ ಬರೆದು ತೋರಿಸಿರಿ, ಏಕೆಂದರೆ ಮೊಣಕೈ ಎಲ್ಲಿ ಊರುತ್ತದೆ, ಉಸಿರು ಎಲ್ಲಿ ಬಿಗಿಹಿಡಿಯುತ್ತದೆ, ಕಣ್ಣು ಎತ್ತ ನೋಡುತ್ತದೆ ಎಂಬುದು ಮುಗಿದ ಹಾಳೆಯಿಂದ ತಿಳಿಯುವುದಿಲ್ಲ.